ಮದ್ದಿನ ಗಾಡಿಯೂ ಹದಿನೇಳು ಮೆದೆಗಳೂ

ಹೊಗೆ ಮೊದಲು ಕಂಡದ್ದು ಪಾಯಿಂಟ್ಸ್‌ಮನ್ನಿಗೆ. ನಾನು ಗೂಡ್ಸ್ ಶೆಡ್ಡಿನಲ್ಲಿ ಹೊಗೆಸೊಪ್ಪಿನ ಬೇಲುಗಳಿಗೆ ಚೀಟಿ ಅಂಟಿಸುತ್ತ, ಗೋಂದು ನೀರಾಯಿತೆಂದು ಒಬ್ಬನೇ ಬೈದುಕೊಳ್ಳುತ್ತಿದ್ದೆ. ಅವನು ಓಡಿ ಬಂದವನೇ ಬಾಗಿಲ ಚೌಕಟ್ಟು ಹಿಡಿದುಕೊಂಡು, “ಸಾಬ್ರೇ, ಲೂಪ್ ಲೈನ್ ಗಾಡೀಲಿ ಕಡೇ ಡಬ್ಬಿ ಕೆಳಗೆ ಒಗೆ ಬತ್ತೈತೆ!” ಎಂದ.

ಲೂಪ್ ಲೈನಿನಲ್ಲಿ, ಅಂದರೆ ಬದಿಯ ಹಳಿಯಲ್ಲಿ, ನಿಂತಿದ್ದದ್ದು ಮದ್ದಿನ ಗಾಡಿ. ಯುದ್ಧದ ವರ್ಷಗಳು ಅವು. ಅರಸೀಕೆರೆ ಕಡೆಯಿಂದ ಬಂದ ಮಿಲಿಟರಿ ಗೂಡ್ಸು, ಎದುರಿನಿಂದ ಬರುವ ಮೈಸೂರು ಪ್ಯಾಸೆಂಜರಿಗೆ ದಾರಿ ಬಿಡಲೆಂದು ನಮ್ಮಲ್ಲಿ ನಿಂತಿತ್ತು. ನಮ್ಮದು ಕೆ.ಆರ್. ನಗರಕ್ಕೆ ಹತ್ತಿರದ ಒಂದು ಸಣ್ಣ ಸ್ಟೇಷನ್. ಮಾಸ್ಟರು, ಗೂಡ್ಸ್ ಗುಮಾಸ್ತನಾದ ನಾನು, ಇಬ್ಬರು ಪಾಯಿಂಟ್ಸ್‌ಮನ್ನುಗಳು, ಒಂದು ಹೊಂಗೆಮರ, ಇಷ್ಟೇ ನಮ್ಮ ಸಂಸಾರ. ಪ್ರತಿ ಡಬ್ಬಿಯ ಬಾಗಿಲಿಗೂ ಸೀಲು, ಅದರ ಪಕ್ಕ ಕೆಂಪು ಚೀಟಿ. ಒಳಗೆ ಫಿರಂಗಿ ಗುಂಡುಗಳು. ಅವು ಯಾಕೆ ಹೊತ್ತಿಕೊಂಡವೆಂಬುದು ಆಮೇಲೆ ವಿಚಾರಣೆ ನಡೆಸಿದವರ ತಲೆನೋವು. ನನಗೆ ಅದು ಗೊತ್ತಾಗಲೂ ಇಲ್ಲ, ನಾನು ಕೇಳಲೂ ಇಲ್ಲ.

ಸ್ಟೇಷನ್ ಮಾಸ್ಟರು ವಯಸ್ಸಾದವರು. ಕಾಫಿ ಲೋಟ ತಡವಾದರೆ ಕೂಗಾಡುತ್ತಿದ್ದ ಮನುಷ್ಯ ಅವತ್ತು ದನಿಯೇ ಏರಿಸಲಿಲ್ಲ. ಮೊದಲು ಟೆಲಿಫೋನು ತಿರುಗಿಸಿ ಪ್ಯಾಸೆಂಜರನ್ನು ಹಿಂದಿನ ಸ್ಟೇಷನ್ನಿನಲ್ಲೇ ತಡೆಸಿದರು. ಆಮೇಲೆ ಡ್ರೈವರಿಗೆ ಕೈಸನ್ನೆ ಮಾಡಿದರು. ಪಾಯಿಂಟ್ಸ್‌ಮನ್ ಡಬ್ಬಿಗಳ ನಡುವೆ ನುಗ್ಗಿ, ಹಿಂದಿನ ಎರಡು ಡಬ್ಬಿಗಳ ಕೊಂಡಿ ಕಳಚಿದ. ಡ್ರೈವರು ಮಿಕ್ಕ ಗಾಡಿಯನ್ನು ಎಳೆದುಕೊಂಡು ಹೊರ ಸಿಗ್ನಲ್ಲಿನಾಚೆಗೆ ಹೋದ. ಹಾಗೆ ಎಳೆಯುವಾಗ ಅವನು ಹಿಂದಿರುಗಿ ನೋಡುತ್ತಲೇ ಇದ್ದ. ಅಷ್ಟು ನಿಧಾನವಾಗಿ, ಒಂದು ಜಗ್ಗೂ ಇಲ್ಲದೆ ಗಾಡಿ ಹೊರಟದ್ದನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕಾವಲಿನ ಇಬ್ಬರು ಸಿಪಾಯಿಗಳು ಮಾತ್ರ ಬಕೆಟ್ಟು ಹಿಡಿದು ನೀರೆರಚುತ್ತ ಉಳಿದರು. ಮಾಸ್ಟರು ಎರಡು ಸಲ ಕರೆದರು. ಅವರು ಬರಲಿಲ್ಲ.

ನಾವು ಸ್ಟೇಷನ್ನಿನ ಪಡುವಲಿಗಿದ್ದ ನಾಲೆಗೆ ಓಡಿದೆವು. ನೀರು ನಿಲ್ಲಿಸಿದ ಕಾಲ, ತಳದಲ್ಲಿ ಕೆಸರಷ್ಟೇ ಇತ್ತು. ಅದರಲ್ಲಿ ಮುಖ ಅಡಿಯಾಗಿ ಮಲಗಿದೆವು.

ಅದು ಕಿವಿಗೆ ಕೇಳಿಸುವುದಕ್ಕೆ ಮೊದಲು ಎದೆಗೆ ಕೇಳಿಸಿತು. ನೆಲ ನನ್ನನ್ನು ಮೇಲಕ್ಕೆತ್ತಿ ಮತ್ತೆ ಹಾಕಿತು. ತಲೆ ಎತ್ತಿದರೆ ಗೂಡ್ಸ್ ಶೆಡ್ಡಿನ ಹೆಂಚೆಲ್ಲ ಒಂದೇ ಹಾಸಾಗಿ ಗಾಳಿಯಲ್ಲಿ ನಿಂತಿತ್ತು. ನಿಂತಿತ್ತು ಎಂದೇ ಹೇಳುತ್ತೇನೆ; ಒಂದು ಉಸಿರಿನಷ್ಟು ಹೊತ್ತು ಅದು ಬೀಳುವುದನ್ನೇ ಮರೆತಿತ್ತು. ಆಮೇಲೆ ಒಂದೊಂದು ಹೆಂಚೂ ಬೇರೆ ಬೇರೆಯಾಗಿ ಇಳಿಯಿತು. ಅದರ ಮೇಲಿನ ಆಕಾಶದಲ್ಲಿ ಕಪ್ಪು ಚುಕ್ಕೆಗಳು ನಾಲ್ಕು ದಿಕ್ಕಿಗೂ ಶಿಳ್ಳೆ ಹಾಕುತ್ತ ಹೋಗುತ್ತಿದ್ದವು. ಸಿಡಿಯದ ಗುಂಡುಗಳು ಅವು ಎಂದು ನನಗೆ ಆಗ ತಿಳಿಯಲಿಲ್ಲ. ಹೆದರಿಕೆ ಆಗಬೇಕಾಗಿತ್ತು, ಆಗಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ನಾಲೆಯ ಕೆಸರು ಬಾಯಿಗೆ ಹೋದದ್ದು ಆಮೇಲೆ ಗೊತ್ತಾಯಿತು.

ಎರಡು ಡಬ್ಬಿಗಳಿದ್ದ ಜಾಗದಲ್ಲಿ ಒಂದು ಸಣ್ಣ ಕೊಳದಷ್ಟು ಅಗಲದ ಹಳ್ಳ. ಒಂದು ಹಳಿ ಹೊಂಗೆಮರವನ್ನು ಸುತ್ತಿಕೊಂಡಿತ್ತು, ಕೈಯಿಂದ ಸುತ್ತಿದ ಹಾಗೆ. ಸಿಪಾಯಿಗಳಿಬ್ಬರೂ ಸಿಗಲಿಲ್ಲ. ಹುಣಸೂರಿನಲ್ಲಿದ್ದ ನನ್ನ ತಾಯಿಗೆ ಸದ್ದು ಕೇಳಿಸಿತಂತೆ. ಕಟ್ಟೆಮಳಲವಾಡಿಯಲ್ಲಿ ಅಟ್ಟದ ಮಡಕೆಗಳು ಕುಣಿದುವಂತೆ. ಮರುದಿನ ಬೆಳಿಗ್ಗೆ ಹಳ್ಳದಲ್ಲಿ ಒಸರು ನೀರು ನಿಂತಿತ್ತು. ಒಂದು ಕೊಕ್ಕರೆ ಬಂದು ಅದರಲ್ಲಿ ಮೀನು ಹುಡುಕುತ್ತಿತ್ತು.

ಮೂರನೆಯ ದಿನ ಮಿಲಿಟರಿಯ ಕ್ಯಾಪ್ಟನ್ ಒಬ್ಬ ಸಿಪಾಯಿಗಳೊಂದಿಗೆ ಬಂದ. ಇಂಗ್ಲಿಷರವನು, ತೆಳ್ಳಗೆ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಅವನ ಕೆಲಸ ಬಯಲಿನಲ್ಲಿ ಚೆಲ್ಲಿದ ಗುಂಡುಗಳನ್ನು ಹೆಕ್ಕುವುದು. ಅವನಿಗೆ ಕನ್ನಡ ಬಾರದು, ಹಳ್ಳಿಯವರಿಗೆ ಇಂಗ್ಲಿಷು ಬಾರದು. ಅವನು ಪುಸ್ತಕ ಓದಿ ಕಲಿತ ಉರ್ದು ಮಾತಾಡುತ್ತಿದ್ದ; ನಾನು ಮನೆಯಲ್ಲಿ ಹುಣಸೂರಿನ ಉರ್ದು ಮಾತಾಡುವವನು. ಅವನದು ನವಾಬರ ದರ್ಬಾರಿನದು, ನನ್ನದು ಸಂತೆಬೀದಿಯದು. ಹೇಗೋ ಒಬ್ಬರಿಗೊಬ್ಬರು ಅರ್ಥವಾಗುತ್ತಿದ್ದೆವು. ಮಾಸ್ಟರು ನನ್ನನ್ನು ಅವನಿಗೆ ಒಪ್ಪಿಸಿಬಿಟ್ಟರು.

ಕ್ಯಾಪ್ಟನ್ ನನಗೆ ಮೊದಲ ದಿನವೇ ಪಾಠ ಹೇಳಿದ. ಮೂತಿಗೆ ಬಿರಡೆ ಹಾಕಿದ ಗುಂಡಾದರೆ ಎತ್ತಬಹುದು. ಮೂತಿಗೆ ಗುಂಡನ್ನು ಸಿಡಿಸುವ ಹಿತ್ತಾಳೆಯ ಟೋಪಿ ಇದ್ದು, ಅದು ಹಾಗೇ ನೆಟ್ಟಗಿದ್ದರೆ ಅವನೊಬ್ಬನೇ ಎತ್ತುತ್ತಾನೆ. ಟೋಪಿ ಉಜ್ಜಿಹೋಗಿದ್ದರೆ, ತಿರುಗಿದ್ದರೆ, ಯಾರೂ ಮುಟ್ಟುವಂತಿಲ್ಲ. ಬಿದ್ದಲ್ಲೇ ಪಕ್ಕದಲ್ಲಿ ಮದ್ದಿಟ್ಟು ಒಡೆಯಬೇಕು. ಕಂಡ ಕಡೆಯೆಲ್ಲ ಕೆಂಪು ಬಾವುಟ ನೆಟ್ಟೆವು. ಎತ್ತಿದ್ದನ್ನು ಮರಳು ತುಂಬಿದ ಎತ್ತಿನ ಗಾಡಿಯಲ್ಲಿ ಮಲಗಿಸಿ ಹಳ್ಳದ ಬಳಿಗೆ ಸಾಗಿಸಿದೆವು. ಗಾಡಿ ಆರಿಸಿದವನು ನಾನು. ನಮ್ಮಪ್ಪ ಕಾಕನಕೋಟೆ ಕಡೆಯ ಮರ ತರಿಸಿ ಗಾಡಿಚಕ್ರ ಮಾಡುತ್ತಿದ್ದವರು. ಯಾವ ಚಕ್ರ ಜಗ್ಗುತ್ತದೆ, ಯಾವುದು ಜಗ್ಗುವುದಿಲ್ಲ ಎಂಬುದು ನನಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಅಪ್ಪನ ಕಸುಬು ಬೇಡವೆಂದು ರೈಲ್ವೆಗೆ ಓಡಿಬಂದವನು ಕೊನೆಗೆ ಚಕ್ರಕ್ಕೇ ಕಿವಿಗೊಡುತ್ತ ನಡೆದೆ.

ಆರನೆಯ ದಿನ ಕೆಟ್ಟದಾಯಿತು. ರಾಗಿ ಕೊಯ್ದು, ತೆನೆ ಸಮೇತ ಕಂತೆಗಳನ್ನು ಮೆದೆಯಾಗಿ ಒಟ್ಟಿ, ಬಡಿಯಲು ಕಣ ಸಿದ್ಧಮಾಡಿದ ಕಾಲ ಅದು. ಸ್ಟೇಷನ್ನಿಗೆ ಮೂಡಲಲ್ಲಿದ್ದ ಹಳ್ಳಿಯಲ್ಲಿ ಒಂದು ಮನೆಯವರು ಮೆದೆಯಿಂದ ಕಂತೆಗಳನ್ನು ಎಳೆದೆಳೆದು ಕಣಕ್ಕೆ ಎಸೆಯುತ್ತಿದ್ದರು. ಒಂದು ಕಂತೆಯ ಜೊತೆಗೆ ಗುಂಡೂ ಉರುಳಿ ಬಂದು ರೋಣಗಲ್ಲಿಗೆ ಬಡಿಯಿತು. ರೋಣಗಲ್ಲೆಂದರೆ ಎತ್ತು ಕಟ್ಟಿ ತೆನೆಯ ಮೇಲೆ ಉರುಳಿಸುವ ಕಲ್ಲು. ಎತ್ತುಗಳೆರಡೂ ಸತ್ತವು. ಒಬ್ಬ ಮನುಷ್ಯನ ಕಾಲು ಹೋಯಿತು. ಮೇಲಿನಿಂದ ಬಿದ್ದ ಗುಂಡು ಹುಲ್ಲಿನೊಳಕ್ಕೆ ಹೊಕ್ಕರೆ ನೆತ್ತಿಯ ತೂತೊಂದನ್ನು ಬಿಟ್ಟು ಹೊರಗೆ ಗುರುತೇ ಉಳಿಯುವುದಿಲ್ಲವೆಂದು ಆಗ ನಮಗೆ ಗೊತ್ತಾಯಿತು.

ಅದೇ ಊರಿನ ಇನ್ನೊಂದು ಮೆದೆಯ ನೆತ್ತಿಯಲ್ಲಿ ತೂತು ಕಂಡಿತು. ಕ್ಯಾಪ್ಟನ್ ಅದಕ್ಕೆ ಬೆಂಕಿ ಹಾಕಿಸಿದ. ದೂರ ನಿಂತು ನೋಡಿದೆವು. ಬಹಳ ಹೊತ್ತಿನ ಮೇಲೆ ಒಳಗೆ ಗುಂಡು ಸಿಡಿಯಿತು. ಆದರೆ ನನಗೆ ಉಳಿದಿರುವುದು ಆ ಸದ್ದಲ್ಲ, ವಾಸನೆ. ಒಂದು ವರ್ಷದ ರಾಗಿ ಒಟ್ಟಿಗೆ ಹುರಿದ ಘಮ. ಹುರಿಹಿಟ್ಟಿಗೆ ಹುರಿಯುವಾಗ ಬರುತ್ತದಲ್ಲ, ಅದೇ. ಮೆದೆಯ ಯಜಮಾನ ಬಾಯಿಗೆ ಟವೆಲ್ಲು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ.

“ಬೇರೆ ದಾರಿ ಇಲ್ಲವೇ?” ಎಂದು ಕೇಳಿದೆ.

“ನನ್ನ ಸಿಪಾಯಿಗಳು ಹುಲ್ಲು ಬಿಚ್ಚಲು ಕಲಿತವರಲ್ಲ. ಒಂದು ಕಂತೆ ತಪ್ಪಾಗಿ ಎಳೆದರೆ ಗುಂಡು ಜಾರುತ್ತದೆ. ಮೆದೆ ಇನ್ನೊಂದು ವರ್ಷ ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ,” ಎಂದ ಕ್ಯಾಪ್ಟನ್. ಅವನು ಹೇಳಿದ್ದು ತಪ್ಪಲ್ಲ. ನಾಲೆಯಾಚೆಯ ಪಡುವಲ ಹಳ್ಳಿಗೆ ಹೋಗಿ, ಯಾರ್ಯಾರ ಮೆದೆಯಲ್ಲಿ ಗುಂಡು ಬಿದ್ದಿದೆಯೆಂದು ವಿಚಾರಿಸಿ ಪಟ್ಟಿ ಮಾಡಿಕೊಂಡು ಬರಬೇಕೆಂದು ನನಗೆ ಹೇಳಿದ.

ಪಟ್ಟಿ ಬರೆಯುವುದೆಂದರೆ ನನಗೆ ಹಬ್ಬ. ಗೆರೆ ಎಳೆದೆ, ಅಂಕಿ ಹಾಕಿದೆ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಹೋದೆ. ಊರಾಚೆ ಒಂದರ ಪಕ್ಕ ಒಂದು ಕಣ. ಸಗಣಿ ಸಾರಿಸಿದ ನೆಲ, ನಡುವೆ ಎತ್ತು ಕಟ್ಟಿ ಸುತ್ತಿಸುವ ಮೇಟಿಕಂಬ, ಅಂಚಿನಲ್ಲಿ ಮೆದೆ. ಮೊದಲನೆಯ ಕಣದಲ್ಲೇ ಒಬ್ಬ ಮುದುಕ ತಡೆದ. “ಜೋಡು ಬುಟ್ಬುಟ್ ಬನ್ನಿ ಸಾಬ್ರೇ. ಇದು ಕಣ.” ಚಪ್ಪಲಿ ಬಿಟ್ಟು ಹೋದೆ.

“ನಿಮ್ಮ ಮೆದೆಯಲ್ಲಿ ಗುಂಡೇನಾದರೂ ಬಿದ್ದಿದೆಯಾ ಗೌಡ್ರೇ?”

“ಉಲುಸಾಗೈತೆ ಬುದ್ದಿ,” ಎಂದ ಮುದುಕ. ಹುಲುಸು ಎಂದರೆ ಸಮೃದ್ಧಿ, ಬೇಕಾದಷ್ಟು. ನಾನು ಪೆನ್ಸಿಲು ಹಿಡಿದು ಅವನ ಮುಖ ನೋಡಿದೆ. ನಗುತ್ತಿದ್ದ.

ಎರಡನೆಯ ಕಣದಲ್ಲೂ ಅದೇ. “ಉಲುಸಾಗವೆ ಕಣ್ರೀ.” ಮೂರನೆಯದರಲ್ಲಿ ನಡುವಯಸ್ಸಿನ ಗೃಹಸ್ಥ ಮೆದೆಯ ಕಡೆ ಕೈಮುಗಿದು, “ಉಲುಸು, ಉಲುಸು,” ಎಂದ. ನನಗೆ ಮೈ ಜುಮ್ಮೆಂದಿತು. ಹೊಟ್ಟೆಯಲ್ಲಿ ಗುಂಡಿಟ್ಟುಕೊಂಡ ಮೆದೆಯ ನೆರಳಿನಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಾರೆ, ಒಬ್ಬರ ಮುಖದಲ್ಲೂ ಗಾಬರಿಯಿಲ್ಲ! ಎಂಥ ಗಂಡೆದೆಯ ಜನ ಎಂದುಕೊಂಡೆ. ಹದಿನೇಳು ಕಣ ಸುತ್ತಿದೆ. ಹದಿನಾರು ಕಡೆ ಹುಲುಸು. ಕೊನೆಯ ಕಣದ ರೈತನೊಬ್ಬ ಮಾತ್ರ, ನನ್ನ ಪ್ರಶ್ನೆ ಮುಗಿಯುವುದಕ್ಕೆ ಬಿಡದೆ, “ಇಲ್ಲ ಸ್ವಾಮಿ. ನಮ್ ಮೆದೇಲಿ ಏನೂ ಇಲ್ಲ,” ಎಂದ. ಸದ್ಯ, ಒಬ್ಬನಾದರೂ ಬದುಕಿಕೊಂಡ ಎಂದು ನನಗೆ ನಿಜವಾಗಿ ಸಂತೋಷವಾಯಿತು.

ಪಟ್ಟಿ ನೋಡಿ ಕ್ಯಾಪ್ಟನ್ ಕುರ್ಚಿಯಿಂದ ಎದ್ದುನಿಂತ. “ಹದಿನಾರು? ಒಂದೇ ಹಳ್ಳಿಯಲ್ಲಿ?” ನಾನು ಎದೆಯುಬ್ಬಿಸಿಕೊಂಡು, “ಅವರು ಹೆದರಿಯೇ ಇಲ್ಲ ಸಾಹೇಬ್,” ಎಂದೆ. ನನ್ನ ಊರಿನ ಸೀಮೆಯವರೆಂಬ ಹೆಮ್ಮೆ ಬೇರೆ. ಅವನು ಬಹಳ ಹೊತ್ತು ಕಾಗದ ನೋಡಿದ. ಆಮೇಲೆ ಸೀಮೆಎಣ್ಣೆ ತರಿಸಲು ಆಳು ಕಳಿಸಿದ. ನಾಳೆ ಬೆಳಿಗ್ಗೆ ಹದಿನಾರು ಮೆದೆಗೂ ಬೆಂಕಿ. ದನಕರು ಹೊರಗೆ ಹೊಡೆಯಿರೆಂದು ಊರಿಗೆ ಹೇಳಿ ಬಾ ಎಂದ.

ಆ ಮಧ್ಯಾಹ್ನ ನಾಲೆಯ ಸೇತುವೆ ದಾಟಿ ಹೋದೆ. ಊರ ಬಾವಿಯ ಬಳಿ ಒಬ್ಬಳು ವಯಸ್ಸಾದ ಹೆಂಗಸು ನೀರು ಸೇದುತ್ತಿದ್ದಳು. ಕೊನೆಯಿಂದ ಎರಡನೆಯ ಕಣದವಳು. ಗಂಡ ತೀರಿಕೊಂಡ ಮೇಲೆ ತಾನೇ ಯಜಮಾನಿಕೆ ಮಾಡುತ್ತಿದ್ದಳು. ಬೆಳಿಗ್ಗೆ ನನಗೆ ಮಜ್ಜಿಗೆ ಕೊಟ್ಟಿದ್ದಳು. ಸುದ್ದಿ ಹೇಳಿದೆ. ಹಗ್ಗ ಕೈಬಿಟ್ಟಳು, ಕೊಡ ಬಾವಿಯೊಳಗೆ ದಡದಡನೆ ಬಿತ್ತು.

“ನಮ್ ಮೆದೆ ಯಾಕ್ರೀ ಸುಡ್ತೀರಿ? ನಮ್ದ್ರಾಗೇನೈತೆ?”

“ನೀವೇ ಹೇಳಿದಿರಲ್ಲವ್ವಾ, ಹುಲುಸಾಗಿದೆ ಅಂತ.”

“ಅಯ್ಯೋ ನಿನ್ ಮನೆ ಕಾಯ್ವಾಗ! ಇನ್ನೇನನ್ನಬೇಕಿತ್ತು? ಕಣದಾಗೆ ನಿಂತ್ಕಂಡು ಇಲ್ಲ ಅನ್ನಕ್ಕಾಯ್ತದಾ? ಇಲ್ಲ ಅನ್ಬಾರ್ದು, ಸಾಕು ಅನ್ಬಾರ್ದು, ಮುಗೀತು ಅನ್ಬಾರ್ದು. ಕಣದ ಲಕ್ಷ್ಮಿ ಎದ್ದೋಯ್ತಾಳೆ. ನೀವೆಂತ ಸೀಮೆಯೋರು ಸಾಬ್ರೇ, ಇಷ್ಟೂ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಮೂರು ತಲೆಮಾರಿನಿಂದ ಇವರಿಗೆಲ್ಲ ಗಾಡಿ ಮಾಡಿಕೊಟ್ಟವರು ನಾವು. ಗಾಡಿ ಕಣದ ಅಂಚಿನವರೆಗೆ ಹೋದದ್ದುಂಟು, ನಾವು ಹೋದದ್ದಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತೆ. ಕನ್ನಡದ ಒಂದು ಮಾತು ಅರ್ಥವಾಗದೆ ಒಂದು ಊರಿನ ಅನ್ನಕ್ಕೆ ಕೊಳ್ಳಿ ಇಡುವವನಿದ್ದೆನಲ್ಲಾ ಎಂದು ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಂದರೆ ಹದಿನಾರು ಮೆದೆಯಲ್ಲೂ ಏನಿಲ್ಲ. ಜೇಬಿನಿಂದ ಪಟ್ಟಿ ತೆಗೆದೆ. ಅಚ್ಚುಕಟ್ಟಾದ ಗೆರೆಗಳ ಕೊನೆಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಒಂದೇ ಒಂದು ‘ಇಲ್ಲ’.

“ಅವ್ವಾ, ನಿಮ್ಮ ಪಕ್ಕದ ಕಣದವನು ಇಲ್ಲ ಅಂದನಲ್ಲ?”

ಅವಳು ನನ್ನ ಕಡೆ ತಿರುಗಿದಳು. “ಅವ್ನು ಅಂಗಂದ್ನಾ?”

“ಅಂದ.”

“ಕಣದಾಗೆ ನಿಂತ್ಕಂಡಾ?”

“ಮೇಟಿಯ ಪಕ್ಕದಲ್ಲೇ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. “ಅಂಗಾರೆ ಐತೆ ಬುಡಿ,” ಎಂದಳು. “ಬಚ್ಚಿಡೋನು ಬಿಟ್ರೆ ಕಣದಾಗೆ ಯಾರು ಅಂಗಂದಾರು? ಅವ್ನ ಮೆದೇಲೇ ಐತೆ.”

ಆ ರೈತ ಮನೆಯ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಐವತ್ತರ ಆಸುಪಾಸು, ಗಟ್ಟಿ ಮೈ. ಮನೆಯೊಳಗೆ ಸದ್ದಿಲ್ಲ. ಹೆಂಡತಿ ಮಕ್ಕಳೆಲ್ಲಿ ಎಂದರೆ, ರಾವಂದೂರಿಗೆ, ಬೀಗರ ಮನೆಗೆ ಕಳಿಸಿದ್ದೇನೆ ಎಂದ. ಸುಗ್ಗಿಯ ಕೆಲಸ ತಲೆಯ ಮೇಲಿರುವಾಗ ಯಾರಾದರೂ ಮನೆಯವರನ್ನು ಊರಿಗೆ ಕಳಿಸುತ್ತಾರೆಯೇ?

“ಗುಂಡು ಎಲ್ಲಿದೆ?” ಎಂದೆ.

ಅವನು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. “ಮೂಡ್ಲಳ್ಳೀಲಿ ಮೆದೆ ಸುಟ್ರಲ್ಲ, ಆ ಗಮ ಇಲ್ಗಂಟ ಬಂತು ಸಾಬ್ರೇ. ನಮ್ದೂ ಸುಟ್ಟಾಕ್ತೀರಿ ಅಂತ ಸುಳ್ಳೇಳ್ದೆ. ನೆತ್ತೀಲಿ ತೂತಿತ್ತು. ಉಲ್ಲೊದಿಸಿ ಮುಚ್ದೆ. ನಾನೇ ಒಬ್ಬನೇ ಬಿಚ್ಕಳಾನ ಅಂತಿದ್ದೆ. ಓದ್ರೆ ನಾನೊಬ್ಬ ಓಯ್ತೀನಿ.”

“ಬಿಚ್ಚಬಹುದಾ? ಜಾರದ ಹಾಗೆ?”

ಆಗ ತಲೆ ಎತ್ತಿದ. “ಒಟ್ಟಿದೋನು ನಾನು. ಯಾವ್ ಕಂತೆ ಮೇಲೆ ಯಾವ್ ಕಂತೆ ಕೂತೈತೆ ಅಂತ ನಂಗೆ ಗೊತ್ತು. ಎಳಿಯಾದಲ್ಲ, ಎತ್ತೋದು. ಎಡಗಡೆಯಿಂದ ಒಟ್ಟಿದ್ದ ಬಲಗಡೆಯಿಂದ ಬಿಚ್ಚಬೇಕು. ಕಡೇಲಿ ಮಡಗಿದ್ದು ಮೊದ್ಲು.”

ಕ್ಯಾಪ್ಟನ್ನಿನ ಮುಂದೆ ನಿಂತು ನನ್ನ ಪಟ್ಟಿ ತಲೆಕೆಳಗು ಎಂದು ಹೇಳಿದ್ದು ನನ್ನ ನೌಕರಿಯಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. ಇದೆ ಎಂದವರ ಬಳಿ ಇಲ್ಲ, ಇಲ್ಲ ಎಂದವನ ಬಳಿ ಇದೆ. ನನ್ನ ಬೀದಿ ಉರ್ದುವಿನಲ್ಲಿ ಇದನ್ನು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಅವನ ಮುಖ ಕೆಂಪಾಯಿತು, ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಸಿಪಾಯಿಗಳನ್ನು ಕಳಿಸಿ ಹದಿನಾರು ಮೆದೆಗಳ ನೆತ್ತಿಗೂ ಏಣಿ ಇಡಿಸಿದ. ಯಜಮಾನರನ್ನು ಕಣದಿಂದ ಆಚೆ, ಗಾಡಿದಾರಿಗೆ ಕರೆಸಿ ಕೇಳಿಸಿದ. ದಾರಿಯಲ್ಲಿ ನಿಂತಕೂಡಲೇ ಎಲ್ಲರೂ ಒಂದೇ ದನಿಯಲ್ಲಿ, “ಏನೂ ಇಲ್ಲ ಬುದ್ದಿ!” ಎಂದರು. ಯಾವ ನೆತ್ತಿಯಲ್ಲೂ ತೂತಿರಲಿಲ್ಲ.

ಉಳಿದದ್ದು ಒಂದು. ಸುಡುವುದೋ, ಬಿಚ್ಚುವುದೋ?

“ಅವನು ಬಿಚ್ಚುತ್ತೇನೆ ಅನ್ನುತ್ತಾನೆ, ನೀನು ನಂಬುತ್ತೀಯಾ?” ಎಂದ ಕ್ಯಾಪ್ಟನ್.

“ನಂಬುತ್ತೇನೆ.”

“ಅವನ ಮಾತು ನನಗೆ ತಿಳಿಯದು, ನನ್ನ ಮಾತು ಅವನಿಗೆ ತಿಳಿಯದು. ಮೆದೆಯ ಪಕ್ಕದಲ್ಲಿ ನೀನು ನಿಲ್ಲಬೇಕಾಗುತ್ತದೆ.”

ನಿಲ್ಲುತ್ತೇನೆ ಎಂದೆ. ಹಾಗೆಂದ ನಾಲಿಗೆ ನನ್ನದೇ ಹೌದೋ ಅಲ್ಲವೋ ಎಂದು ನನಗೇ ಅನುಮಾನವಾಯಿತು. ಸರಿ, ನಾಳೆ ಹೊತ್ತು ಮುಳುಗುವವರೆಗೆ ಸಮಯ ಎಂದ ಅವನು.

ಬೆಳಿಗ್ಗೆ ಊರನ್ನೆಲ್ಲ ನಾಲೆಯ ಏರಿಯಾಚೆಗೆ ಕಳಿಸಿದರು. ಕಣದಲ್ಲಿ ನಾವು ಮೂರೇ ಜನ. ಜಾಗ ಸಾಲದೆಂದು ಅವನು ಆ ವರ್ಷ ಮೆದೆಯನ್ನು ಕಣದ ಮೇಲೆಯೇ ಒಟ್ಟಿದ್ದ. ರೈತ ಮೆದೆಗೆ ಕೈಮುಗಿದು, ಪಂಚೆ ಎತ್ತಿ ಕಟ್ಟಿ, ಏಣಿ ಹತ್ತಿದ. ನೆತ್ತಿಯ ಹೊದಿಕೆ ತೆಗೆದ. ಆಮೇಲೆ ಒಂದು ಕಂತೆಯ ಕೆಳಗೆ ಎರಡೂ ಅಂಗೈ ತೂರಿಸಿ, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಹೊತ್ತು ಕಣದಾಚೆಗೆ, ಕ್ಯಾಪ್ಟನ್ ಗೆರೆ ಎಳೆದಿದ್ದ ಜಾಗಕ್ಕೆ ಒಯ್ದೆ. ಮತ್ತೆ ಬಂದೆ.

ಅವನು ಕೆಲಸ ಮಾಡಿದ್ದನ್ನು ನಾನು ಹೇಗೆ ಹೇಳಲಿ? ಅಷ್ಟು ಹತ್ತಿರದಿಂದ ಒಬ್ಬ ಮನುಷ್ಯನ ಕಸುಬನ್ನು ನಾನು ನೋಡಿದ್ದಿಲ್ಲ. ನಮ್ಮಪ್ಪನದನ್ನೂ ನೋಡಲಿಲ್ಲವೆಂಬುದು ಆಗ ನೆನಪಾಯಿತು. ತೆನೆ ಒಳಕ್ಕೆ, ಬುಡ ಹೊರಕ್ಕೆ. ಪ್ರತಿ ಕಂತೆಯ ಬಾಲ ಅದರ ಪಕ್ಕದ ಕಂತೆಯ ಕೆಳಗೆ ಸಿಕ್ಕಿಕೊಂಡಿರುತ್ತಿತ್ತು. ಅವನು ನೋಡುತ್ತಲೇ ಇರಲಿಲ್ಲ. ಬೆರಳುಗಳೇ ಹೋಗಿ ಯಾವುದು ಮೇಲಿನದೆಂದು ಹುಡುಕುತ್ತಿದ್ದವು. ಎಳೆದದ್ದು ಒಂದೂ ಇಲ್ಲ. ಕೈ ಹಾಕುವುದಕ್ಕೆ ಮೊದಲು ಪ್ರತಿ ಸಲ ಒಂದು ಕ್ಷಣ ತಡೆಯುತ್ತಿದ್ದ, ಒಟ್ಟಿದ ದಿನವನ್ನು ಜ್ಞಾಪಿಸಿಕೊಳ್ಳುವವನಂತೆ. “ಇದು ಅಳಿಯ ಕೊಟ್ಟಿದ್ದು. ಸಡ್ಲ ಕಟ್ಟವ್ನೆ,” ಎಂದು ಒಂದು ಕಂತೆಗೆ ಬೈದ. ಕ್ಯಾಪ್ಟನ್ ಏನಂದನೆಂದು ಕೇಳಿದ. ಅಳಿಯನನ್ನು ಬೈದ ಎಂದೆ. ಕ್ಯಾಪ್ಟನ್ ಮೊದಲ ಸಲ ನಕ್ಕ.

ಹೊತ್ತು ನೆತ್ತಿಗೆ ಬಂದು ಇಳಿಯಿತು. ನನ್ನ ತೋಳು, ಕತ್ತು ಎಲ್ಲ ರಾಗಿ ಹುಲ್ಲಿಗೆ ಗೀಚಿಹೋಗಿ ಉರಿಯುತ್ತಿತ್ತು. ಮೆದೆ ಮೊಣಕಾಲೆತ್ತರಕ್ಕೆ ಬಂದಿತ್ತು. ಒಂದು ಕಂತೆಯ ಕೆಳಗೆ ಕೈ ತೂರಿಸಿದವನು ಹಾಗೇ ನಿಂತ.

“ಸಾಬ್ರೇ. ಇದು ನಾನು ಮಡಗಿದ್ದಂಗಿಲ್ಲ.”

ನಾನು ಕ್ಯಾಪ್ಟನ್ನಿಗೆ ಹೇಳಿದೆ. ಅವನು ಬಂದು ಹೊಟ್ಟೆಯ ಮೇಲೆ ಮಲಗಿ, ಕಂತೆಗಳ ಸಂದಿನಲ್ಲಿ ಕನ್ನಡಿ ಹಿಡಿದು ಬೆಳಕು ಬಿಟ್ಟು ನೋಡಿದ. ಕೈಸನ್ನೆ ಮಾಡಿ ರೈತನಿಗೂ ತೋರಿಸಿದ, ನನಗೂ ತೋರಿಸಿದ. ಕೆಳಗಿನ ನಾಲ್ಕು ಕಂತೆಗಳ ನಡುವೆ, ಕಣದ ನೆಲಕ್ಕೆ ಮೂತಿ ತಾಗಿಸಿಕೊಂಡು, ತೊಡೆಯ ಗಾತ್ರದ ಗುಂಡು ಓರೆಯಾಗಿ ಮಲಗಿತ್ತು. ಮೂತಿಯ ಹಿತ್ತಾಳೆ ಟೋಪಿ ಒಂದು ಕಡೆ ಉಜ್ಜಿಹೋಗಿ ಫಳಫಳ ಹೊಳೆಯುತ್ತಿತ್ತು. ಟೋಪಿ ತಿರುಗಿಯೂ ಇತ್ತು. ಅದರ ಪಕ್ಕದಲ್ಲಿ ಒಂದು ಇರುವೆಸಾಲು ರಾಗಿಕಾಳು ಹೊತ್ತುಕೊಂಡು ತನ್ನ ಪಾಡಿಗೆ ಹೋಗುತ್ತಿತ್ತು. ನನಗೆ ಉಸಿರು ಬಿಡಲೂ ಭಯವಾಯಿತು. ಆದರೂ ಕಣ್ಣು ಕೀಳಲಾಗಲಿಲ್ಲ. ಅಷ್ಟು ಸುಮ್ಮನೆ ಮಲಗಿದ್ದ ವಸ್ತುವಿನೊಳಗೆ ಅಂದಿನ ಆ ಆಕಾಶವೆಲ್ಲ ಇತ್ತಲ್ಲ.

“ಇದನ್ನು ಎತ್ತುವಂತಿಲ್ಲ. ಇಲ್ಲೇ ಒಡೆಯಬೇಕು,” ಎಂದ ಕ್ಯಾಪ್ಟನ್.

ಅವನ ಮಾತನ್ನು ಕನ್ನಡಕ್ಕೆ ತರುವುದು ಎರಡು ನಿಮಿಷದ ಕೆಲಸ. ಉಳಿದದ್ದನ್ನು ಮೊದಲು, ಹೋಗುವುದನ್ನು ಆಮೇಲೆ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೊನೆಗೆ ಹೇಳಿದೆ: ನಾಲ್ಕು ಕಂತೆ ಬಿಟ್ಟು ಮಿಕ್ಕದ್ದೆಲ್ಲ ಉಳಿಯಿತು, ಆದರೆ ಕಣ ಹೋಗುತ್ತದೆ.

ರೈತ ಕಣವನ್ನು ಸುತ್ತ ನೋಡಿದ. “ನಮ್ಮಪ್ಪ ಮಣ್ಣೊತ್ತು ಮಾಡಿದ್ ಕಣ,” ಎಂದ. ಆಮೇಲೆ, “ರಾಗಿ ಉಳೀತಲ್ಲ?”

“ಉಳಿಯಿತು.”

“ಅಂಗಾರೆ ಒಡೀಲಿ ಬುಡಿ.” ಹಾಗೆಂದವನು ಹೋಗಲಿಲ್ಲ. ಬಗ್ಗಿ, ನೆಲದಲ್ಲಿ ಉದುರಿದ್ದ ಕಾಳನ್ನು ಅಂಗೈಯಿಂದ ಗುಡಿಸಿ ಗುಡಿಸಿ ಟವೆಲ್ಲಿಗೆ ತುಂಬತೊಡಗಿದ. ಗುಂಡಿಗೂ ಅವನ ಕೈಗೂ ಎರಡು ಮಾರು ದೂರ. ನಾನು ಕ್ಯಾಪ್ಟನ್ನಿನ ಕಡೆ ನೋಡಿದೆ. ಅವನು ಗದರಲಿಲ್ಲ. ಕಾಳೆಲ್ಲ ಆಯ್ದು ಮುಗಿಯುವವರೆಗೆ ತಲೆಯ ಟೋಪಿ ಕೈಯಲ್ಲಿ ಹಿಡಿದು ಕಾದ.

ಆಮೇಲೆ ನಮ್ಮನ್ನು ಏರಿಯ ಹಿಂದಕ್ಕೆ ಕಳಿಸಿ, ಗುಂಡಿನ ಪಕ್ಕದಲ್ಲಿ ಮದ್ದಿಟ್ಟು, ಬತ್ತಿಗೆ ಬೆಂಕಿ ತಾಗಿಸಿ, ನಡೆದುಕೊಂಡು ಬಂದ. ಓಡಬಾರದಂತೆ, ಓಡಿದವನು ಎಡವುತ್ತಾನಂತೆ. ಆ ನಡಿಗೆಯನ್ನು ಏರಿಯ ಮೇಲಿದ್ದ ಇಡೀ ಊರು ಉಸಿರು ಹಿಡಿದು ನೋಡಿತು. ಅವನು ಏರಿ ಇಳಿದು ನಮ್ಮ ಪಕ್ಕ ಕೂತಮೇಲೆ ನೆಲ ಒಮ್ಮೆ ಒದ್ದಿತು. ಕೆಂಪು ಮಣ್ಣಿನ ಕಂಬವೊಂದು ಮರಗಳಿಗಿಂತ ಎತ್ತರಕ್ಕೆ ಎದ್ದು, ನಿಂತು, ಪುಡಿಪುಡಿಯಾಗಿ ಇಳಿಯಿತು. ಬಹಳ ಹೊತ್ತು ಎಲೆಗಳ ಮೇಲೆ ಮಣ್ಣುದುರುವ ಸದ್ದು ಕೇಳುತ್ತಿತ್ತು.

ನಾವು ಹೋಗಿ ನೋಡಿದಾಗ ಮೇಟಿಕಂಬವಿಲ್ಲ, ಸಾರಿಸಿದ ನೆಲವಿಲ್ಲ. ಇಬ್ಬರು ಇಳಿದು ನಿಲ್ಲುವಷ್ಟು ದೊಡ್ಡ ಗುಂಡಿ, ಅದರಿಂದ ಆವಿ. ಆಚೆ, ಗೆರೆಯ ಹೊರಗೆ, ನಾನು ಹೊತ್ತು ಹಾಕಿದ್ದ ಕಂತೆಗಳ ರಾಶಿ ಮಣ್ಣು ಹೊದ್ದುಕೊಂಡು ಹಾಗೇ ಇತ್ತು. ರೈತ ಗುಂಡಿಯ ಅಂಚಿನಲ್ಲಿ ನಿಂತ. ಊರಿನವರೆಲ್ಲ ಬಂದು ಸ್ವಲ್ಪ ದೂರದಲ್ಲಿ ನಿಂತರು. ಯಾರೂ ಅವನ ಹತ್ತಿರಕ್ಕೆ ಬರಲಿಲ್ಲ. ಅವರಿಗೆ ಸುದ್ದಿ ಮುಟ್ಟಿತ್ತೆಂದು ನನಗೆ ಅರ್ಥವಾಯಿತು: ಕಣದಲ್ಲಿ ನಿಂತು ಇಲ್ಲ ಎಂದವನು. ಅಂಥವನನ್ನು ತಮ್ಮ ಕಣಕ್ಕೆ ಯಾರು ಕರೆದಾರು? ಮೆದೆ ಉಳಿಸಿಕೊಟ್ಟೆವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಬಡಿಯಲು ಕಣವಿಲ್ಲದ ಮೇಲೆ ಆ ರಾಶಿ ಬರಿ ಹುಲ್ಲು.

ಆಗ ಬಾವಿಯ ಬಳಿ ಸಿಕ್ಕಿದ್ದ ಆ ಅವ್ವ ಗುಂಪಿನಿಂದ ಮುಂದೆ ಬಂದಳು.

“ಗಾಡಿ ಊಡ್ಕಂಡ್ ಬಾ ಓಗ್ಲಾ. ಕಂತೆನೆಲ್ಲ ನಮ್ ಕಣಕ್ಕೆ ಆಕು.”

“ಬ್ಯಾಡ ದೊಡ್ಡವ್ವ,” ಎಂದ ಅವನು, ತಲೆ ಎತ್ತದೆ. “ಕಣದಾಗೆ ಇಲ್ಲ ಅಂದೋನು ನಾನು. ನಿಮ್ ಕಣಕ್ಕೆ ಎಂಗೆ ಕಾಲಿಡ್ಲಿ?”

“ಯಾವ್ ಕಣದಾಗೆ ಅಂದೆ?”

“ಇದೇ ಕಣದಾಗೆ.”

“ಎಲ್ಲೈತೆ ಆ ಕಣ? ತೋರ್ಸು.”

ಅವನು ಗುಂಡಿಯನ್ನು ನೋಡಿದ. ಅಷ್ಟು ಹೊತ್ತೂ ಕಲ್ಲಿನಂತೆ ಇದ್ದವನು ಎಲ್ಲರೆದುರು ಅತ್ತುಬಿಟ್ಟ.

“ಇಲ್ಲ ಕಣ್ ದೊಡ್ಡವ್ವ,” ಎಂದ.

“ಆ ಮಾತೂ ಅದ್ರ ಜೊತೇಲೇ ಓಯ್ತು. ಮತ್ತೆ ಇನ್ನೇನು?” ಎಂದಳು ಅವಳು. ಅವನು ಟವೆಲ್ಲಿನ ಕಾಳು ಅವಳ ಕೈಗೆ ಕೊಟ್ಟು, ಎತ್ತು ತರಲು ಹೋದ.